ತಂತಿ ಕೇಳುವ ಮೇಸ್ತ್ರಿ

ಶಿಕಾರಿಪುರದಿಂದ ಸೊರಬದ ಕಡೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ನನಗೆ ಊರು ಕೇರಿ ಯಾವುದೂ ಕಾಣುವುದಿಲ್ಲ, ಬರೀ ಕಂಬ ಕಾಣುತ್ತವೆ. ಗದ್ದೆ ಬದುವಿನಲ್ಲಿ, ಮೆಕ್ಕೆಜೋಳದ ಹೊಲದ ನಡುವೆ, ಶಾಲೆಯ ಗೋಡೆಗೆ ತಾಗಿಕೊಂಡು ನಿಂತ ಸಿಮೆಂಟಿನ ಕರೆಂಟು ಕಂಬಗಳು. ಅವುಗಳಲ್ಲಿ ನಮ್ಮ ಯಾರ್ಡಿನವು ಯಾವುವು ಎಂದು ಬಸ್ಸು ಓಡುತ್ತಿದ್ದರೂ ಹೇಳಬಲ್ಲೆ. ನಮ್ಮ ಅಚ್ಚಿನ ಒಂದು ಅಂಚು ಸ್ವಲ್ಪ ಉಬ್ಬಿತ್ತು, ಆ ಉಬ್ಬು ಪ್ರತಿಯೊಂದು ಕಂಬದ ಮೈಮೇಲೂ ಗೆರೆಯಾಗಿ ಕೂತಿದೆ. ಆರು ವರ್ಷ ಅಲ್ಲಿ ಕೆಲಸ ಮಾಡಿದೆ. ಅಲ್ಲಿ ನಾನು ಮಾಡಿದ ಒಂದು ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಿ ಐದು ತಿಂಗಳು ಸುಮ್ಮನಿದ್ದೆ. ಅದನ್ನು ಬರೆಯುವುದಕ್ಕೇ ಕೂತಿದ್ದೇನೆ, ಸುತ್ತಿ ಬಳಸಿ ಹೇಳುವ ಆಸೆ ಇಲ್ಲ.

ನಮ್ಮದು ಶಿಕಾರಿಪುರ ಪೇಟೆಯ ಮನೆ. ಅಬ್ಬಾನದು ಮಾರುಕಟ್ಟೆಯ ಹಿಂದೆ ಗ್ಯಾಸ್ ವೆಲ್ಡಿಂಗ್ ಅಂಗಡಿ. ಟ್ರಾಕ್ಟರ್ ಟ್ರೇಲರಿನ ಕೊಂಡಿ, ಗೇಟು, ಹಾಲಿನ ಕ್ಯಾನಿನ ತೂತು, ಏನು ಬಂದರೂ ಬೆಸೆಯುತ್ತಿದ್ದರು. ನಾನು ಸಿವಿಲ್ ಡಿಪ್ಲೊಮಾ ಮುಗಿಸಿದಾಗ ನೆಂಟರೆಲ್ಲ ಇನ್ನು ಇವಳು ಮನೆ ನಕ್ಷೆ ಬರೆದುಕೊಂಡು ಫ್ಯಾನಿನ ಕೆಳಗೆ ಕೂರುತ್ತಾಳೆ ಅಂದುಕೊಂಡರು. ನಾನು ಹೋಗಿ ಸೇರಿದ್ದು ಊರ ಹೊರಗಿನ ಕಂಬದ ಯಾರ್ಡಿಗೆ. ಮಾಲೀಕರು ನನಗೆ ಕೊಟ್ಟ ಕೆಲಸ ಕಾಂಕ್ರೀಟಿನ ಚೌಕಗಳನ್ನು ಮಾಡಿ, ನೀರಲ್ಲಿ ನೆನೆಸಿ, ಯಂತ್ರದಲ್ಲಿಟ್ಟು ಪುಡಿ ಮಾಡುವುದು. ಎಷ್ಟು ಭಾರಕ್ಕೆ ಪುಡಿಯಾಯಿತು ಎಂದು ರಿಜಿಸ್ಟರಿನಲ್ಲಿ ಬರೆಯಬೇಕು. ಅಮ್ಮಿ ಮೊದಲ ದಿನ ಕೇಳಿದ್ದಳು, ಒಡೆಯುವುದಕ್ಕೆ ಮೂರು ವರ್ಷ ಓದಬೇಕಾ ಎಂದು. ನನಗೆ ಸಿಟ್ಟು ಬಂದಿತ್ತು.

ಕಾಂಕ್ರೀಟಿನದು ಒಂದು ವಿಚಿತ್ರ ಸ್ವಭಾವ. ಅದನ್ನು ಅಮುಕಿದರೆ ಬಹಳ ಭಾರ ತಡೆದುಕೊಳ್ಳುತ್ತದೆ, ಎಳೆದರೆ ಬಿರುಕು ಬಿಡುತ್ತದೆ. ಲಾರಿಯಿಂದ ಇಟ್ಟಿಗೆ ಇಳಿಸುವವರನ್ನು ನೋಡಿ. ನಾಲ್ಕೈದು ಇಟ್ಟಿಗೆಯನ್ನು ಸಾಲಾಗಿ ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದು ಎತ್ತುತ್ತಾರೆ. ಕೆಳಗೆ ಯಾವ ಆಧಾರವೂ ಇಲ್ಲ, ಆದರೂ ನಡುವಿನ ಇಟ್ಟಿಗೆ ಬೀಳುವುದಿಲ್ಲ. ಒತ್ತು ಸಡಿಲವಾದ ಕೂಡಲೇ ಎಲ್ಲ ಕಾಲ ಮೇಲೆ ಬೀಳುತ್ತವೆ. ಪ್ರಿಸ್ಟ್ರೆಸ್ಡ್ ಕಾಂಕ್ರೀಟ್ ಎನ್ನುವ ದೊಡ್ಡ ಹೆಸರಿನ ಹಿಂದೆ ಇರುವುದು ಇಷ್ಟೇ. ಉಕ್ಕಿನ ತಂತಿಯನ್ನು ಮೊದಲು ಎಳೆದು ಬಿಗಿ ಮಾಡಬೇಕು, ಅದರ ಸುತ್ತ ಕಾಂಕ್ರೀಟ್ ಸುರಿಯಬೇಕು, ಗಟ್ಟಿಯಾದ ಮೇಲೆ ತಂತಿಯ ತುದಿ ಕತ್ತರಿಸಬೇಕು. ತಂತಿ ತನ್ನ ಮೊದಲಿನ ಉದ್ದಕ್ಕೆ ಕುಗ್ಗಲು ನೋಡುತ್ತದೆ, ಕಾಂಕ್ರೀಟ್ ಅದನ್ನು ಹಿಡಿದುಕೊಂಡಿರುವುದರಿಂದ ಕುಗ್ಗಲು ಆಗುವುದಿಲ್ಲ, ಹಾಗಾಗಿ ಜೀವಮಾನವಿಡೀ ಅದನ್ನು ಒಳಗಿನಿಂದ ಅಮುಕುತ್ತಲೇ ಇರುತ್ತದೆ. ಕಂಬ ಸುಮ್ಮನೆ ನಿಂತಂತೆ ಕಾಣುತ್ತದೆ. ಒಳಗೆ ಅದಕ್ಕೆ ಒಂದು ಗಳಿಗೆಯೂ ಬಿಡುವಿಲ್ಲ.

ಅಬ್ಬಾನ ಕಾಲದಲ್ಲಿ ನಮ್ಮ ಕಡೆ ಕರೆಂಟು ಕಂಬ ಎಂದರೆ ಮರದ್ದು, ಇಲ್ಲವೇ ಹಳೇ ರೈಲು ಕಂಬಿ. ಮರ ಗೆದ್ದಲು ಹಿಡಿಯುತ್ತಿತ್ತು, ಕಬ್ಬಿಣ ಮಳೆಯಲ್ಲಿ ಶಾಕ್ ಹೊಡೆಯುತ್ತಿತ್ತು. ಸಿಮೆಂಟಿನ ಕಂಬ ಬಂದಾಗ ಜನ ನಂಬಲಿಲ್ಲವಂತೆ, ಎಮ್ಮೆ ಮೈ ಉಜ್ಜಿದರೆ ಮುರಿಯುತ್ತೆ ಅಂದರಂತೆ. ಈಗ ಅದಿಲ್ಲದ ಜಾಗ ಯಾವುದಿದೆ ಹೇಳಿ. ಹೊಲದ ಬೇಲಿಗೆ ಅದೇ, ಸೈಟಿನ ಕಾಂಪೌಂಡಿಗೆ ಅದೇ, ಹಳ್ಳಕ್ಕೆ ಹೊಸ ಸೇತುವೆ ಕಟ್ಟಿದರೆ ಅದರ ತೊಲೆಗಳೂ ಅದೇ ವಿದ್ಯೆ. ನಮ್ಮೂರಿಗೆ ಬರುತ್ತದೆ ಎಂದು ಎಲ್ಲರೂ ಬಾಯಲ್ಲಿ ನೀರೂರಿಸಿಕೊಂಡು ಕಾಯುತ್ತಿರುವ ರೈಲಿನ ಹಳಿಯ ಕೆಳಗೂ ಹಾಸುವುದು ಅದನ್ನೇ. ಇಷ್ಟು ಹಬ್ಬಿದ ವಸ್ತು ನಮ್ಮ ಯಾರ್ಡಿನಲ್ಲಿ ಒಬ್ಬ ಮನುಷ್ಯನ ಕಿವಿಯ ಮೇಲೆ ನಿಂತಿತ್ತು.

ಅವರು ನಮ್ಮ ಮೇಸ್ತ್ರಿ. ಸೊರಬದ ಆಚೆಯ ಒಂದು ಹಳ್ಳಿಯವರು. ಬೆಳಗಿನ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುತ್ತಿದ್ದರು. ಅರವತ್ತರ ಹತ್ತಿರ ವಯಸ್ಸು, ಸಣಕಲು ಮೈ, ಶರ್ಟಿನ ಜೇಬಿನಲ್ಲಿ ಯಾವಾಗಲೂ ಗೇಣುದ್ದದ ಒಂದು ಉಕ್ಕಿನ ಸರಳು. ಅವರ ಕೆಲಸ ತಂತಿ ಎಳೆಸುವುದು. ಉದ್ದನೆಯ ಹಾಸಿನ ಎರಡು ತುದಿಗೆ ನೆಲದಲ್ಲಿ ಹೂತ ಎರಡು ದಪ್ಪ ಕಟ್ಟೆಗಳಿದ್ದವು. ನಡುವೆ ಕಂಬದ ಅಚ್ಚುಗಳ ಸಾಲು. ತಂತಿಯನ್ನು ಎಲ್ಲ ಅಚ್ಚುಗಳ ಮೂಲಕ ತೂರಿಸಿ, ಆ ಕಡೆಯ ಕಟ್ಟೆಗೆ ಕಚ್ಚಿಸಿ, ಈ ಕಡೆಯ ಕಟ್ಟೆಯಲ್ಲಿ ಜಾಕ್ ಹಾಕಿ ಎಳೆಯುತ್ತಿದ್ದೆವು. ಪಂಪು ಒತ್ತುವವನು ಉಡುತಡಿ ಕಡೆಯ ಒಬ್ಬ ಗಟ್ಟಿ ಆಳು. ಕಟ್ಟೆಗೂ ಮೊದಲ ಅಚ್ಚಿಗೂ ನಡುವೆ ಒಂದು ಮಾರಿನಷ್ಟು ತಂತಿ ಬರಿದೇ ಇರುತ್ತಿತ್ತು. ಮೇಸ್ತ್ರಿ ಪಕ್ಕದಲ್ಲಿ ನಿಂತು, ಕೈ ಚಾಚಿ, ಸರಳಿನಿಂದ ಆ ಬರಿ ತಂತಿಗೆ ಒಂದು ಪೆಟ್ಟು ಕೊಟ್ಟು ಕಿವಿ ವಾಲಿಸುತ್ತಿದ್ದರು. ಬೆರಳೆತ್ತಿದರೆ ಇನ್ನೊಂದು ಒತ್ತು. ಬೆರಳು ಮಡಚಿದರೆ ಸಾಕು. ಎಳೆತ ಕಡಿಮೆಯಾದರೆ ಕಂಬ ಎತ್ತುವಾಗಲೇ ಬಿರಿಯುತ್ತದೆ, ಅಥವಾ ಲೈನ್‌ಮನ್ ಮೇಲೆ ಹತ್ತಿದಾಗ. ಹೆಚ್ಚಾದರೆ ತಂತಿ ಕಿತ್ತು ಚಾಟಿಯ ಹಾಗೆ ಬರುತ್ತದೆ. ನಡುವಿನ ಅಂತರ ಬಹಳ ಇಲ್ಲ.

ಎಳೆತ ಅಳೆಯಲು ಪಂಪಿನ ಮೇಲೆ ಮೀಟರ್ ಇತ್ತು. ನಾನು ಸೇರುವ ಮೊದಲೇ ಅದರ ಮುಳ್ಳು ಒಂದೇ ಕಡೆ ಅಂಟಿಕೊಂಡು ಕೂತುಬಿಟ್ಟಿತ್ತು. ಮೊದಲ ವಾರವೇ ಮಾಲೀಕರ ಹತ್ತಿರ ಹೋಗಿ ಜಗಳ ಆಡಿದೆ.

"ಮೇಸ್ತ್ರಿ ಅದಾರಲ್ರೀ ಮೇಡಂ, ಮೀಟರ್ ಯಾಕ್ ಬೇಕ್ರೀ?" ಅಂದರು ಅವರು. "ಇಷ್ಟ್ ವರ್ಷದಾಗ ಒಂದ್ ತಂತಿ ಕಿತ್ತಿಲ್ರೀ ಅವ್ರ ಕೈಯಾಗ."

ನಾನು ಡಿಪ್ಲೊಮಾದವಳು, ಬಿಡುವೆನೇ. ಶಿವಮೊಗ್ಗದಿಂದ ಒಂದು ಸರಿಯಾದ ಮೀಟರನ್ನು ಎರಡು ದಿನದ ಮಟ್ಟಿಗೆ ಎರವಲು ತಂದೆ. ಅದರ ಮುಖಕ್ಕೆ ಕಾಗದ ಅಂಟಿಸಿ ಮೇಸ್ತ್ರಿಗೆ ಕಾಣದ ಹಾಗೆ ಮಾಡಿ, ಅವರು ಬೆರಳು ಮಡಚಿದಾಗಲೆಲ್ಲ ಕಾಗದ ಎತ್ತಿ ಓದಿದೆ. ಒಂದಲ್ಲ, ಎರಡಲ್ಲ, ಎರಡು ದಿನ ಎಳೆದ ಅಷ್ಟೂ ತಂತಿಗಳಲ್ಲಿ ಮುಳ್ಳು ಅದೇ ಗೆರೆಯ ಆಸುಪಾಸಿನಲ್ಲಿ ನಿಂತಿತು. ನನ್ನ ಮುಖ ಸಣ್ಣದಾಯಿತು.

"ಎಂತ ಅಮ್ಮಿ, ನಿನ್ನ ಗಡಿಯಾರ ಎಂತ ಹೇಳ್ತು?" ಎಂದು ಮೇಸ್ತ್ರಿ ನಕ್ಕರು. ಸೊರಬದ ಕಡೆ ಹುಡುಗಿಯರನ್ನು ಅಮ್ಮಿ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅಮ್ಮಿ ಎಂದರೆ ತಾಯಿ. ನಾನು ನಿಮಗೆ ತಾಯಿಯಾಗುವಷ್ಟು ಮುದುಕಿಯಾಗಿ ಕಾಣುತ್ತೇನಾ ಎಂದು ಕೇಳಿದ್ದಕ್ಕೆ ಇನ್ನೂ ಜೋರಾಗಿ ನಕ್ಕರು. ಅಂದಿನಿಂದ ರಿಜಿಸ್ಟರಿನ ಮೀಟರ್ ಅಂಕಿ ಬರೆಯುವ ಕಾಲಮ್ಮಿನಲ್ಲಿ ಅವರ ಬೆರಳು ನೋಡಿ ನಾನೇ ಅಂಕಿ ತುಂಬತೊಡಗಿದೆ. ಓದದ ಅಂಕಿಯನ್ನು ಓದಿದೆನೆಂದು ಬರೆಯುವುದು ಅಷ್ಟು ಸುಲಭವಾಗಿ ರೂಢಿಯಾಗುತ್ತದೆ ಎಂದು ಗೊತ್ತಿರಲಿಲ್ಲ.

ಮೂರು ವರ್ಷ ಹೀಗೇ ನಡೆಯಿತು. ಒಂದು ದಿನ ಮರಳು ತುಂಬಿದ ಲಾರಿ ಹಿಂದಕ್ಕೆ ಬರುತ್ತಿತ್ತು. ಹಾರನ್ ಹೊಡೆಯುತ್ತಿದ್ದಾರೆ, ಕ್ಲೀನರ್ ಬಾಡಿ ಬಡಿದು ಕೂಗುತ್ತಿದ್ದಾನೆ, ಮೇಸ್ತ್ರಿ ಮಾತ್ರ ಬೆನ್ನು ಮಾಡಿ ನಿಂತು ಬೀಡಿ ಕಟ್ಟು ಬಿಚ್ಚುತ್ತಿದ್ದಾರೆ. ನಾನು ಓಡಿ ಅಂಗಿ ಹಿಡಿದು ಎಳೆದೆ. ಅವರು ನನಗೇ ಬೈದರು. ಆಗ ಯೋಚನೆ ಹತ್ತಿತು. ಈಚೆಗೆ ಅವರು ತಂತಿ ಕೇಳುವ ರೀತಿ ಬದಲಾಗಿತ್ತು. ಮೊದಲಿನ ಹಾಗೆ ದೂರ ನಿಂತು ಪೆಟ್ಟು ಕೊಡುವುದಿಲ್ಲ. ಹತ್ತಿರ ಬಗ್ಗಿ, ಸರಳಿನ ಒಂದು ತುದಿಯನ್ನು ತಂತಿಗೆ ಒತ್ತಿ, ಇನ್ನೊಂದು ತುದಿಯನ್ನು ಕಿವಿಯ ಕೆಳಗೆ ದವಡೆಯ ಎಲುಬಿಗೆ ಒತ್ತಿಕೊಂಡು, ಸ್ಪ್ಯಾನರಿನಿಂದ ತಂತಿಯನ್ನು ಮೀಟುತ್ತಿದ್ದರು. ಹೊಸ ಶೋಕಿ ಅಂದುಕೊಂಡಿದ್ದೆ.

ಮಾರನೇ ದಿನ ಊಟದ ಹೊತ್ತಿನಲ್ಲಿ ಅವರ ಹಿಂದೆ ನಿಂತು ಮಾಮೂಲು ದನಿಯಲ್ಲಿ ಹೇಳಿದೆ: "ಮೇಸ್ತ್ರಿ, ನಿಮ್ಮ ಮನೆಗೆ ಬೆಂಕಿ ಬಿದ್ದಿದೆಯಂತೆ."

ಅವರು ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟುಕೊಂಡರು. ಅಂಥ ಮಾತು ಯಾಕೆ ಆರಿಸಿದೆನೋ, ನನ್ನ ನಾಲಿಗೆಗೆ ಆಗಲೂ ಈಗಲೂ ಹದ್ದಿಲ್ಲ. ಎದುರಿಗೆ ಹೋಗಿ ಕೂತೆ. ಅವರು ನನ್ನ ಮುಖ ನೋಡಿದರು, ಗೊತ್ತಾಗಿದೆ ಎಂದು ಅವರಿಗೂ ಗೊತ್ತಾಯಿತು.

"ಎಡದ್ದು ಹೋಗಿ ವರ್ಷ ಆತು," ಅಂದರು. "ಬಲದ್ದು ಈ ಮಳೆಗಾಲದಲ್ಲಿ. ಆ ವೈಬ್ರೇಟರ್ ಸದ್ದಲ್ಲಿ ನಿಂತೂ ನಿಂತೂ ಹಿಂಗಾತು ಅಂದ್ರು ಡಾಕ್ಟ್ರು. ನೀ ಯಾರಿಗೂ ಹೇಳಬ್ಯಾಡ ಅಮ್ಮಿ."

ಕಾಂಕ್ರೀಟನ್ನು ಅಚ್ಚಿನೊಳಗೆ ಕೂರಿಸಲು ನಡುಗಿಸುವ ಯಂತ್ರ ಅದು. ಅದರ ಪಕ್ಕ ಅರ್ಧ ದಿನ ನಿಂತರೆ ರಾತ್ರಿಯಿಡೀ ನನ್ನ ತಲೆಯೊಳಗೂ ಗುಂಯ್ ಅನ್ನುತ್ತಿತ್ತು. ಅವರು ನಿಂತದ್ದು ಇಪ್ಪತ್ತಕ್ಕೂ ಹೆಚ್ಚು ವರ್ಷ. ಶಿವಮೊಗ್ಗದಲ್ಲಿ ಕಿವಿಗೆ ಯಂತ್ರವನ್ನೂ ಹಾಕಿಸಿಕೊಂಡು ಬಂದಿದ್ದರು, ಯಾರ್ಡಿನಲ್ಲಿ ಹೆಂಡತಿಯ ಕಣ್ಣು ತೋರಿಸಲು ಹೋಗಿದ್ದೆ ಎಂದು ಹೇಳಿ. ಒಂದು ರಜೆಯ ದಿನ ಅದನ್ನು ಹಾಕಿಕೊಂಡು ಬಂದು ತಂತಿ ತಟ್ಟಿ ನೋಡಿದರಂತೆ. "ಎಲ್ಲ ತಂತಿನೂ ತಗಡು ಬಡ್ದಂಗೆ ಒಂದೇ ನಮೂನಿ ಕೂಗ್ತವೆ," ಅಂದರು. ದವಡೆಗೆ ಸರಳು ಒತ್ತಿಕೊಂಡರೆ ಕೇಳುವುದಿಲ್ಲ, ಆದರೆ ಎಲುಬಿನೊಳಗೆ ನಡುಕ ತಾಗುತ್ತದೆ, ಅದರಲ್ಲಿ ಅಂದಾಜು ಸಿಗುತ್ತದೆ ಎಂದರು. ಎಷ್ಟು ದಿನ ಸಿಗುತ್ತದೋ ತಿಳಿಯದು ಎಂದೂ ಹೇಳಿದರು.

ಕಿವಿ ಹೋಗಿದೆ ಎಂದು ಗೊತ್ತಾದರೆ ಮಾಲೀಕರು ಅವರನ್ನು ಓಡಿಸುತ್ತಿರಲಿಲ್ಲ, ಅಷ್ಟು ಕೆಟ್ಟ ಮನುಷ್ಯರಲ್ಲ. ಜಲ್ಲಿ ಬುಟ್ಟಿ ಹೊರುವ ಸಾಲಿಗೆ ಕಳಿಸುತ್ತಿದ್ದರು. ಹಾದಿಯಲ್ಲಿ ಸಿಕ್ಕವರೆಲ್ಲ ತಂತಿ ಮೇಸ್ತ್ರಿ ಎಂದು ಕರೆಯುವ ಮನುಷ್ಯ ಅವರು. ಸೊರಬದ ಬಸ್ಸಿನ ಕಂಡಕ್ಟರ್ ಕೂಡ ಜಾಗ ಬಿಡಿಸಿ ಕೊಡುತ್ತಿದ್ದ. ಆ ಹೆಸರು ಹೋದರೆ ಅವರಲ್ಲಿ ಉಳಿಯುವುದು ಏನೂ ಇರಲಿಲ್ಲ, ಅದು ನನಗೂ ಅವರಿಗೂ ಗೊತ್ತಿತ್ತು.

ಆಗ ನಾನು ಮಾಲೀಕರಿಗೆ ಹೇಳಿ ಮೀಟರ್ ತರಿಸಬೇಕಿತ್ತು. ಅದರ ಬದಲು, ನಾನೇ ನಿಮ್ಮ ಕಿವಿಯಾಗುತ್ತೇನೆ ಅಂದೆ. ಕರುಣೆಯಿಂದ ಅಂದೆ ಎಂದು ಬಹಳ ದಿನ ನಂಬಿದ್ದೆ. ಕರುಣೆ ಇತ್ತು, ಇಲ್ಲವೆನ್ನುವುದಿಲ್ಲ. ಅದರ ಜತೆಗೆ ಆ ವಿದ್ಯೆ ನನಗೂ ಬರಬೇಕು ಎನ್ನುವ ಹಪಹಪಿ ಇತ್ತು.

ಊಟದ ಹೊತ್ತಿನಲ್ಲಿ, ಎಲ್ಲರೂ ನೆರಳಿಗೆ ಹೋದಾಗ, ಅವರು ಎಳೆದಿಟ್ಟ ತಂತಿಗಳನ್ನು ನನ್ನ ಕೈಯಲ್ಲಿ ತಟ್ಟಿಸುತ್ತಿದ್ದರು. ನನ್ನ ಮಾತನ್ನು ತುಟಿ ನೋಡಿ ಹಿಡಿಯುತ್ತಾ, ತಮಗೆ ಕೇಳದ ಸದ್ದನ್ನು ನನಗೆ ಕಲಿಸಿದರು. ಮಂದ ಸದ್ದಾದರೆ ಇನ್ನೂ ಎಳೆಯಬೇಕು, ಚುರುಕಾಗಿ ಮೇಲೆದ್ದರೆ ಸಾಕು. ಒಂದು ತಿಂಗಳಲ್ಲಿ ನನಗೆ ಅದು ಹಿಡಿಯಿತು. ಆಮೇಲೆ ನಮ್ಮಿಬ್ಬರದೂ ಒಂದು ಒಪ್ಪಂದವಾಯಿತು. ಅವರು ತಂತಿ ತಟ್ಟುವಾಗ ನಾನು ರಿಜಿಸ್ಟರ್ ಹಿಡಿದು ಎದುರು ನಿಲ್ಲುವುದು. ದುಪಟ್ಟಾದ ತುದಿ ಹಿಡಿದುಕೊಂಡಿದ್ದರೆ ಇನ್ನೂ ಎಳೆಸಿ ಎಂದು, ಬಿಟ್ಟರೆ ಸಾಕು ಎಂದು. ಅವರು ನನ್ನ ಕೈ ನೋಡಿ ಬೆರಳೆತ್ತುತ್ತಿದ್ದರು, ಪಂಪಿನವನು ಅವರ ಬೆರಳು ನೋಡಿ ಒತ್ತುತ್ತಿದ್ದ. ಒಂದು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಒಂದೇ ಒಂದು ಕಂಬ ಬಿರಿಯಲಿಲ್ಲ. ಸಂಜೆ ಮನೆಗೆ ಹೋಗುವಾಗ ನನಗೆ ನೆಲ ಕಾಣುತ್ತಿರಲಿಲ್ಲ, ಅಷ್ಟು ಬೀಗಿದ್ದೆ.

ಜಾಕ್ ಕಡೆಯ ಕಟ್ಟೆಯಲ್ಲಿ ಬಿರುಕು ಕಂಡದ್ದು ಆಮೇಲೆ. ಯುಗಾದಿಯ ರಜೆಯಲ್ಲಿ ಹೊಸದನ್ನು ಕಟ್ಟಿಸಿದರು. ಹಳೆಯದರ ಬುಡ ಕೀಳಲು ಆಗಲಿಲ್ಲವಾದ್ದರಿಂದ ಅದರ ತಲೆ ಹೊಡೆದುಹಾಕಿ, ಹೊಸದನ್ನು ಅದರ ಹಿಂದೆ ಕಟ್ಟಿದರು. ಹೀಗಾಗಿ ಕಟ್ಟೆಗೂ ಮೊದಲ ಅಚ್ಚಿಗೂ ನಡುವೆ ಒಂದು ಮಾರು ಇದ್ದ ಬರಿ ತಂತಿ ಈಗ ಎರಡು ಮಾರಿಗೂ ಸ್ವಲ್ಪ ಹೆಚ್ಚಾಯಿತು. ಟೇಪು ಹಿಡಿದು ಅಳೆದವಳು ನಾನೇ. ರಿಜಿಸ್ಟರಿನಲ್ಲಿ ನನ್ನ ದುಂಡನೆಯ ಅಕ್ಷರದಲ್ಲಿ ಬರೆದೂ ಇಟ್ಟೆ.

ಹೊಸ ಕಟ್ಟೆಯಿಂದ ಮೊದಲ ತಂತಿ ಎಳೆದ ಬೆಳಿಗ್ಗೆ, ಚಹಾ ಆಗಿ ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಬಂದಿದ್ದರು. ಮಾಮೂಲಿನಷ್ಟು ಪಂಪು ಒತ್ತಿದ ಮೇಲೆ ಮೇಸ್ತ್ರಿ ತಂತಿ ತಟ್ಟಿದರು. ಸದ್ದು ಮಂದವಾಗಿತ್ತು. ದುಪಟ್ಟಾ ಹಿಡಿದೇ ಇದ್ದೆ. ಬೆರಳೆದ್ದಿತು, ಇನ್ನೊಂದು ಒತ್ತು. ತಟ್ಟಿದರು. ಇನ್ನೂ ಮಂದ. ಇನ್ನೊಂದು. ಮತ್ತೂ ಮಂದ.

ಆಗ ಮೇಸ್ತ್ರಿ ತಡೆದರು. ಒಂದು ವರ್ಷದಿಂದ ಬಿಟ್ಟಿದ್ದ ಅಭ್ಯಾಸವನ್ನು ಮತ್ತೆ ಮಾಡಿದರು. ಹತ್ತಿರ ಹೋಗಿ, ಬಗ್ಗಿ, ಸರಳನ್ನು ತಂತಿಗೂ ದವಡೆಗೂ ಒತ್ತಿ ಮೀಟಿದರು. ಹುಬ್ಬು ಗಂಟಾಯಿತು. ಬಗ್ಗಿದಲ್ಲಿಂದಲೇ ನನ್ನ ಕಡೆ ನೋಡಿ ಸಣ್ಣಗೆ ತಲೆಯಾಡಿಸಿದರು, ಸಾಕು ಅಲ್ವಾ ಎನ್ನುವ ಹಾಗೆ. ನನ್ನ ಕಿವಿಯಲ್ಲಿ ಸದ್ದು ಇನ್ನೂ ಕೆಳಗೇ ಇತ್ತು. ಮುದುಕರಿಗೆ ಎಲುಬಿನ ಅಂದಾಜೂ ಹೋಯಿತು ಅಂದುಕೊಂಡೆ. ಹೌದು, ಇದೇ ಮಾತು ಮನಸ್ಸಿಗೆ ಬಂದದ್ದು, ಇದೇ ಪದಗಳು. ದುಪಟ್ಟಾದ ತುದಿಯನ್ನು ಅವರಿಗೆ ಚೆನ್ನಾಗಿ ಕಾಣುವ ಹಾಗೆ ಮುಷ್ಟಿಯಲ್ಲಿ ಬಿಗಿ ಹಿಡಿದೆ.

ಅವರು ತಮ್ಮ ದವಡೆಯನ್ನು ಬಿಟ್ಟು ನನ್ನನ್ನು ನಂಬಿದರು. ಸರಳನ್ನು ತೆಗೆಯದೆ, ಬಗ್ಗಿಕೊಂಡೇ, ಬೆರಳೆತ್ತಿದರು. ಪಂಪಿನವನು ಒತ್ತಿದ.

ಸದ್ದು ದೊಡ್ಡದೇನಲ್ಲ, ಒಣ ಬಿದಿರು ಸೀಳಿದಷ್ಟು. ತಂತಿ ಕಟ್ಟೆಯ ಹತ್ತಿರ ಕಿತ್ತು ಅವರ ಮುಖದ ಬಲಗಡೆಗೆ ಹೊಡೆದಿತ್ತು. ಅವರು ಕೂಗಲಿಲ್ಲ. ಕೂತುಕೊಂಡರು, ಆಮೇಲೆ ಮಗ್ಗುಲಿಗೆ ವಾಲಿದರು. ನಾನು ದುಪಟ್ಟಾ ತೆಗೆದು ಅವರ ಮುಖಕ್ಕೆ ಒತ್ತಿದೆ. ಮರಳಿನ ಲಾರಿಯಲ್ಲೇ ಹಾಕಿಕೊಂಡು ಶಿಕಾರಿಪುರದ ಆಸ್ಪತ್ರೆಗೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ ಒಯ್ದರು. ಬಲಗಣ್ಣು ಹೋಯಿತು. ದವಡೆ ಮೂರು ಕಡೆ ಮುರಿದಿತ್ತು.

ಎರಡನೇ ದಿನ ನಾನು ರಿಜಿಸ್ಟರ್ ತೆರೆದು ಕೂತಾಗ ನನ್ನದೇ ಅಕ್ಷರ ಕಣ್ಣಿಗೆ ಬಿತ್ತು. ಬರಿ ತಂತಿ ಎರಡು ಮಾರಿಗೂ ಹೆಚ್ಚು. ಕಾಲೇಜಿನ ಮೊದಲ ವರ್ಷದ ಭೌತಶಾಸ್ತ್ರದ ಲ್ಯಾಬಿನಲ್ಲಿ ಒಂದು ಪೆಟ್ಟಿಗೆಯ ಮೇಲೆ ತಂತಿ ಬಿಗಿದು ಮೀಟುವ ಪ್ರಯೋಗ ಇರುತ್ತದೆ. ಎಳೆತ ಅಷ್ಟೇ ಇದ್ದು ತಂತಿಯ ಉದ್ದ ಹೆಚ್ಚಾದರೆ ಸದ್ದು ತಗ್ಗುತ್ತದೆ. ಅದರಲ್ಲಿ ನನಗೆ ಪೂರ್ತಿ ಅಂಕ ಬಂದಿತ್ತು. ಆ ಬೆಳಿಗ್ಗೆ ಮಂದವಾಗಿ ಕೇಳಿದ್ದು ಎಳೆತ ಕಡಿಮೆಯಾಗಿ ಅಲ್ಲ, ಬರಿ ತಂತಿ ಉದ್ದವಾಗಿ. ಎಳೆತ ಮೊದಲನೇ ಸಲಕ್ಕೇ ಸಾಕಾಗಿತ್ತು. ಸದ್ದನ್ನಲ್ಲ, ತಂತಿಯ ಬಿಗಿಯನ್ನೇ ಅಳೆಯುತ್ತಿದ್ದ ಮೇಸ್ತ್ರಿಯ ದವಡೆ ಅದನ್ನೇ ಹೇಳಿತ್ತು. ಹಳೇ ಸದ್ದನ್ನು ತಲೆಯಲ್ಲಿಟ್ಟುಕೊಂಡು ಹೊಸ ತಂತಿಯನ್ನು ಅದಕ್ಕೆ ಕೂರಿಸಲು ಹೋದವಳು ನಾನು.

ಆಸ್ಪತ್ರೆಯಲ್ಲಿ ಡಾಕ್ಟರು ಮಾತಾಡಿಸಿದಾಗ ಅವರು ತಲೆ ಕೂಡ ಆಡಿಸದಿದ್ದಕ್ಕೆ ಹೆಂಡತಿ, ಇವರಿಗೆ ಕಿವಿ ಕೇಳಲ್ಲ, ಬಹಳ ದಿನ ಆಯ್ತು ಎಂದು ಹೇಳಿಬಿಟ್ಟಿದ್ದರು. ಮಾಲೀಕರು ಪಕ್ಕದಲ್ಲೇ ಇದ್ದರು. ಸಂಜೆಯೊಳಗೆ ಯಾರ್ಡಿಗೆಲ್ಲ ಗೊತ್ತಾಯಿತು. ಅಷ್ಟು ವರ್ಷ ಅವರ ಕೈಯಲ್ಲಿ ಕೆಲಸ ಕಲಿತವರು, ಕಿವುಡ ಮೇಸ್ತ್ರಿ ನಮ್ಮೆಲ್ಲರ ಜೀವ ತೆಗೀತಿದ್ದ ಎಂದರು. ಪಂಪಿನವನು ತಾನು ಕಂಡದ್ದನ್ನೇ ಹೇಳಿದ, ಮೇಸ್ತ್ರಿ ಬೆರಳೆತ್ತಿದರು, ನಾನು ಒತ್ತಿದೆ.

ವಿಚಾರಣೆಗೆ ಒಬ್ಬ ಅಧಿಕಾರಿ ಫೈಲು ಹಿಡಿದು ಬಂದರು. ಎಳೆತ ಎಲ್ಲಿ ನಿಲ್ಲಿಸಬೇಕೆಂದು ಯಾರು ನಿರ್ಧರಿಸುತ್ತಿದ್ದರು ಎಂದು ನನ್ನನ್ನು ಕೇಳಿದರು.

"ಮೇಸ್ತ್ರಿ ಸಾಕು ಅಂದ ಮೇಲೆ ನಿಲ್ಲಿಸೋದು ನಮ್ಮಲ್ಲಿ ಪದ್ಧತಿ ಸರ್," ಅಂದೆ.

ಆ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅವರು ಬರೆದುಕೊಂಡರು, ನಾನು ಸಹಿ ಹಾಕಿದೆ. ಇವತ್ತಿಗೂ ನನಗೆ ನನ್ನ ಮೇಲೆ ಅಸಹ್ಯವಾಗುವುದು ತಂತಿ ಕಿತ್ತ ಗಳಿಗೆ ನೆನೆದು ಅಲ್ಲ, ಆ ಸಹಿ ನೆನೆದು. ಫೈಲಿನಲ್ಲಿ ಕಾರಣ ಎಂದು ಬರೆದಿರುವುದು ಮೇಸ್ತ್ರಿಯ ಕಿವುಡು. ಬಹಳ ತಡವಾಗಿ ನಾನು ಅದನ್ನು ತಿದ್ದಿಸಲು ಹೋದಾಗ, ಮುಗಿದ ಫೈಲನ್ನು ಮತ್ತೆ ತೆಗೆಯುವುದಿಲ್ಲ ಎಂದರು.

ಯಾರ್ಡಿಗೆ ಹೊಸ ಮೀಟರ್ ಬಂತು, ಕೆಂಪು ಅಂಕಿಗಳು ಮಿನುಗುವಂಥದ್ದು. ಅದಕ್ಕೆ ಕಿವಿಯೂ ಬೇಡ, ದವಡೆಯೂ ಬೇಡ. ಹತ್ತೇ ದಿನದಲ್ಲಿ ಪಂಪಿನವನೇ ಓದಿಕೊಂಡು ಒತ್ತಲು ಕಲಿತ. ಮೊದಲೇ ತಂದಿದ್ದರೆ ಎಂದು ಒಂದು ಸಲ ಅಂದೆ. ಮಾಲೀಕರು, "ಮೊದ್ಲ ಯಾರಿಗ್ ಗೊತ್ತಿತ್ರೀ ಮೇಡಂ?" ಅಂದರು. ನನಗೆ ಗೊತ್ತಿತ್ತು.

ಶಿವಮೊಗ್ಗದ ಆಸ್ಪತ್ರೆಗೆ ಎರಡು ಸಲ ಹೋಗಿದ್ದೆ. ಮುಖಕ್ಕೆಲ್ಲ ಬ್ಯಾಂಡೇಜು, ಮಾತಾಡುವ ಹಾಗಿರಲಿಲ್ಲ. ಹಣ್ಣು ಇಟ್ಟು, ಹೆಂಡತಿಯ ಜತೆ ನಾಲ್ಕು ಮಾತಾಡಿ ಬಂದೆ. ಊರಿಗೆ ಹೋದ ಮೇಲೆ ನೋಡಲು ಹೋಗಲಿಲ್ಲ. ಇವತ್ತು ಕೆಲಸ, ನಾಳೆ ಮಳೆ, ಮುಂದಿನ ವಾರ ಹಬ್ಬ. ಐದು ತಿಂಗಳಾಯಿತು. ಒಂದು ಭಾನುವಾರ ಅಬ್ಬಾ ತಮ್ಮಷ್ಟಕ್ಕೆ, ನಿಮ್ಮ ಯಾರ್ಡಿನಲ್ಲಿ ಒಬ್ಬ ಕಿವುಡ ಇದ್ದನಂತಲ್ಲ, ಅಂಥವರನ್ನು ಯಾಕೆ ಇಟ್ಟುಕೊಂಡಿದ್ದರು ಎಂದು ಕೇಳಿದರು. ನಾನು ಎದ್ದು ಸೊರಬದ ಬಸ್ಸು ಹತ್ತಿದೆ.

ಜಗುಲಿಯ ಮೇಲೆ ಕೂತಿದ್ದರು. ಮುಖದ ಬಲಗಡೆ ಒಳಕ್ಕೆ ಕುಸಿದಿತ್ತು, ಬಾಯಿ ಸೊಟ್ಟಗಾಗಿ ಜೊಲ್ಲು ಇಳಿಯುತ್ತಿತ್ತು, ಹೆಗಲ ಮೇಲಿನ ಟವೆಲಿನಿಂದ ಆಗಾಗ ಒರೆಸಿಕೊಳ್ಳುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಲ್ಲಲು ಹೋದರು. ಹೆಂಡತಿ ಚಾಪೆ ಹಾಸಿ, ಬಾಗಿಲ ಹತ್ತಿರ ಕೂತು ಅವರ ವಿಚಾರ ಹೇಳಿದರು. ಯಾವ ಕೆಲಸಕ್ಕೂ ಕೈ ಹಾಕುವುದಿಲ್ಲ. ಮೊದಲು ಊರಿನ ಪಂಪ್‌ಸೆಟ್ಟು ಕೆಟ್ಟರೆ ಇವರನ್ನೇ ಕರೆಯುತ್ತಿದ್ದರು, ಈಗ ಕರೆದರೂ ಹೋಗುವುದಿಲ್ಲ.

"ಬಾವಿ ಹಗ್ಗ ಗಟ್ಟಿ ಐತಾ ಅಂತನೂ ನನ್ನನ್ನೇ ಕೇಳ್ತಾರೆ," ಅಂದರು. "ತನ್ನ ಕೈನ ತಾನೇ ನಂಬಾದಿಲ್ಲ."

ಮೇಸ್ತ್ರಿ ನಮ್ಮ ಮಾತು ಮುಗಿಯುವುದನ್ನು ನೋಡುತ್ತಿದ್ದರು. ಆಮೇಲೆ, ಒಡೆದ ಬಾಯಿಂದ ನಿಧಾನವಾಗಿ, ಒಂದೊಂದೇ ಪದ ಹೊರಳಿಸಿ ಕೇಳಿದರು:

"ಅವತ್ತು ನಂಗೆ ತಂತಿ ಸಾಕು ಅನ್ನಿಸ್ತು ಅಮ್ಮಿ. ದವಡೆಗೆ ಹಂಗೇ ತಾಗ್ತು. ನಿನ್ ಕಿವಿ ಸಾಲದು ಅಂತು, ಆದ್ರೂ ಕಿತ್ತೋತು ಅಂದ್ರೆ ತಂತಿಲೇ ಎಂತದೋ ದೋಷ ಇತ್ತು, ಅದೂ ನಂಗೆ ತಿಳೀಲಿಲ್ಲ. ಮುಟ್ಟಿದ್ರೂ ತಿಳೀಲಿಲ್ಲ. ಕಿವಿ ಹೋದಂಗೆ ಎಲುಬೂ ಸತ್ತೋತು ಅಲ್ದಾ?"

ಅವರು ನನ್ನನ್ನು ದೂರುತ್ತಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳುತ್ತಿದ್ದರು. ಐದು ತಿಂಗಳಿಂದ ಅದನ್ನೇ ಹೊತ್ತುಕೊಂಡು ಕೂತಿದ್ದರು.

ನಾನು ಎಲ್ಲ ಹೇಳಿಬಿಟ್ಟೆ. ಕಟ್ಟೆ ಹಿಂದಕ್ಕೆ ಹೋದದ್ದು, ಬರಿ ತಂತಿ ಉದ್ದವಾದದ್ದು, ಅದರಿಂದ ಸದ್ದು ತಗ್ಗಿದ್ದು, ನಾನು ತಪ್ಪು ತಿಳಿದದ್ದು, ತಂತಿಯಲ್ಲಿ ಯಾವ ದೋಷವೂ ಇರಲಿಲ್ಲವೆನ್ನುವುದು, ನನ್ನ ಸಹಿ. ಅಳುತ್ತಾ, ತಲೆ ತಗ್ಗಿಸಿ, ಚಾಪೆ ನೋಡಿಕೊಂಡು ಹೇಳಿದೆ. ಹೇಳಿ ಮುಗಿಸಿ ತಲೆ ಎತ್ತಿದಾಗ ಅವರು ಮೊದಲಿನ ಹಾಗೆಯೇ ನನ್ನ ಬಾಯಿ ನೋಡುತ್ತಾ ಉತ್ತರಕ್ಕೆ ಕಾಯುತ್ತಿದ್ದರು. ಅವರಿಗೆ ಒಂದು ಪದವೂ ತಲುಪಿರಲಿಲ್ಲ. ತಲುಪುವುದಿಲ್ಲವೆಂದು ಗೊತ್ತಿದ್ದೇ ಹಾಗೆ ಹೇಳಿದೆನೋ ಏನೋ.

ತಲುಪಿದ್ದು ಅವರ ಹೆಂಡತಿಗೆ. ಆಕೆ ಅಳಲಿಲ್ಲ, ಬೈಯಲೂ ಇಲ್ಲ. ಎದ್ದು ಒಳಗೆ ಹೋಗಿ ಆಸ್ಪತ್ರೆಯ ಚೀಟಿಗಳ ಕಟ್ಟನ್ನೂ ಒಂದು ಪೆನ್ನನ್ನೂ ತಂದು ನನ್ನ ಮುಂದೆ ಇಟ್ಟರು.

"ಅವ್ರಿಗೆ ತಿಳಿಯೋ ಹಂಗೆ ಹೇಳು," ಅಂದರು.

ಒಂದು ಚೀಟಿಯ ಹಿಂದೆ ಬರೆದೆ. ಮೇಸ್ತ್ರಿ ನಾಲ್ಕನೇ ಕ್ಲಾಸು ಓದಿದವರು, ಹಾಗಾಗಿ ದೊಡ್ಡ ಅಕ್ಷರದಲ್ಲಿ, ಚಿಕ್ಕ ಚಿಕ್ಕ ವಾಕ್ಯದಲ್ಲಿ ಬರೆದೆ. ತಂತಿ ಸಾಕಾಗಿತ್ತು. ನಿಮ್ಮ ಎಲುಬು ಸರಿಯಾಗಿ ಹೇಳಿತ್ತು. ನನ್ನ ಕಿವಿ ತಪ್ಪಿತು. ಎರಡನೇ ದಿನವೇ ನನಗೆ ಗೊತ್ತಾಯಿತು. ಆ ಕೊನೆಯ ಸಾಲನ್ನು ಬರೆಯದೆ ಬಿಡಬಹುದಿತ್ತು. ಆಕೆ ಪಕ್ಕದಲ್ಲೇ ನಿಂತಿದ್ದರು.

ಅವರು ಚೀಟಿಯನ್ನು ಎಡಗಣ್ಣಿನ ಹತ್ತಿರ ಹಿಡಿದು, ಪದದ ಕೆಳಗೆ ಬೆರಳಿಟ್ಟು ಓದಿದರು. ಇನ್ನೊಂದು ಸಲ ಓದಿದರು. ಬೆರಳು ಕೊನೆಯ ಸಾಲಿನಲ್ಲಿ ನಿಂತಿತು. ಟವೆಲಿನಿಂದ ಬಾಯಿ ಒರೆಸಿಕೊಂಡು ನನ್ನ ಕಡೆ ನೋಡಿದರು. ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ಇದ್ನ ನೀ ಆಸ್ಪತ್ರೆಲೇ ಬರ್ದು ತೋರ್ಸಿದ್ರೆ," ಅಂದರು, "ನಾ ಕಣ್ಣು ಒಂದೇ ಕಳ್ಕಂತಿದ್ದೆ."

ಚೀಟಿಯನ್ನು ಹೆಂಡತಿಯ ಕೈಗೆ ಕೊಟ್ಟು ಒಳಗೆ ಹೋದರು. ಸಂಜೆ ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಅಲ್ಲೇ ಕೂತಿದ್ದೆ, ಅವರು ಮತ್ತೆ ಹೊರಗೆ ಬರಲಿಲ್ಲ.